ಚಿತ್ತೆ ಮಳೆ ಹಿಡಿದ ಮೇಲೆ ಕುಂಡದ ಪುದೀನ, ದೊಡ್ಡಪತ್ರೆ ಕೊಳೆಯುತ್ತಿವೆ, ಗೊಬ್ಬರ ಹಾಕಲೇ?

ನೀವು ಚಿಂತಾಮಣಿಯವರು, ನಾನು ಚಿಕ್ಕಬಳ್ಳಾಪುರದವಳು. ಇಬ್ಬರ ತಾರಸಿಯ ಮೇಲೂ ಸುರಿಯುವುದು ಒಂದೇ ಮಳೆ. ದಸರಾ ಕಳೆದ ಮೇಲೆ ಪುದೀನ ಕಪ್ಪಾಯಿತು, ದೊಡ್ಡಪತ್ರೆ ಬುಡದಲ್ಲೇ ಮುರಿದುಬಿತ್ತು, ಎರಡು ಸಲ ಬಿತ್ತಿದರೂ ಕೊತ್ತಂಬರಿ ಹುಟ್ಟಲಿಲ್ಲ ಎಂದು ಬರೆದಿದ್ದೀರಿ. ದಯವಿಟ್ಟು ಈಗ ಗೊಬ್ಬರ ಹಾಕಬೇಡಿ. ಆ ಗಿಡಗಳಿಗೆ ಉಸಿರು ಕಟ್ಟಿದೆ.

ಬೇಸಿಗೆಯಲ್ಲಿ ಒಂದೇ ದಿನಕ್ಕೆ ಒಣಗುವ ಮಣ್ಣು ಚಿತ್ತೆ, ಸ್ವಾತಿ ಮಳೆಗಳ ಹೊತ್ತಿಗೆ ನಾಲ್ಕು ದಿನವಾದರೂ ಒದ್ದೆಯಾಗಿಯೇ ಇರುತ್ತದೆ. ಮೊದಲು ಕುಂಡವನ್ನು ವಾಲಿಸಿ ತಳದ ತೂತು ನೋಡಿ. ಕೆಮ್ಮಣ್ಣು ಇಳಿದು ಗಾರೆಯಂತೆ ಮುಚ್ಚಿಕೊಂಡಿದ್ದರೆ ಕಡ್ಡಿಯಿಂದ ಬಿಡಿಸಿ. ಕೆಳಗಿನ ತಟ್ಟೆ ತೆಗೆದುಬಿಡಿ, ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಕೂರಿಸಿ. ನಮ್ಮ ಅತ್ತೆ ಊರಿನಿಂದ ತಂದುಕೊಟ್ಟ ಮರುಗದ ಗಿಡವನ್ನು ನಾನು ಕಳೆದುಕೊಂಡದ್ದು ಇಂಥದೇ ಒಂದು ತಟ್ಟೆಯಿಂದ. ಕಿತ್ತು ನೋಡಿದಾಗ ಬಿಳಿಯ ಬೇರು ಒಂದೂ ಉಳಿದಿರಲಿಲ್ಲ; ಕಂದು ನಾರು ಬೆರಳಿಗೆ ಅಂಟಿತು, ಮಣ್ಣಿಗೆ ಮೋರಿಯ ವಾಸನೆ. ಆ ಗಿಡ ನೆನಪಾದರೆ ಈಗಲೂ ಸಂಕಟವಾಗುತ್ತದೆ. ಅಂದಿನಿಂದ ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ, ಒಣಗಿದೆ ಎಂದು ಖಾತ್ರಿಯಾದರೆ ಮಾತ್ರ ನೀರು ಹಾಕುತ್ತೇನೆ.

ಹಾಗೆಂದು ಎಲ್ಲ ಕುಂಡಗಳನ್ನೂ ಮಳೆಯಿಂದ ಬಚ್ಚಿಡಬೇಡಿ. ನಮ್ಮ ಮನೆಯ ಕೊಳವೆಬಾವಿಯ ನೀರು ಬಹಳ ಗಡುಸು. ವರ್ಷವಿಡೀ ಹಾಕಿ ಹಾಕಿ ಕುಂಡದ ಅಂಚಿನಲ್ಲಿ ಬಿಳಿಯ ಉಪ್ಪು ಕಟ್ಟುತ್ತದೆ. ಅದನ್ನು ತೊಳೆದು ಕೆಳಗಿಳಿಸುವುದು ಈ ಮಳೆಯೇ. ನೀರು ಸರಾಗವಾಗಿ ಹರಿದುಹೋದರೆ ಸಾಕು.

ದೊಡ್ಡಪತ್ರೆ ಪೂರ್ತಿ ಸತ್ತಿಲ್ಲ ಎಂದುಕೊಳ್ಳುತ್ತೇನೆ. ಕೊಳೆತ ಭಾಗಕ್ಕಿಂತ ಮೇಲೆ ಕತ್ತರಿಸಿ, ಕಾಂಡದ ಒಳಗನ್ನು ನೋಡಿ. ಕಂದು ಕಂಡರೆ ಇನ್ನೂ ಮೇಲೆ ಕತ್ತರಿಸಿ, ತಿಳಿಹಸಿರು ಬರುವವರೆಗೆ. ಆ ತುಂಡನ್ನು ಒಂದು ದಿನ ನೆರಳಿನಲ್ಲಿ ಬಿಟ್ಟು, ಗಾಯ ಒಣಗಿದ ಮೇಲೆ ನೆಡಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಅದಕ್ಕೆ ಸಾಕು. ಪುದೀನಕ್ಕೆ ಕೊರಗಬೇಡಿ, ಸಂತೆಯಿಂದ ತಂದ ಕಟ್ಟಿನಲ್ಲಿ ದಪ್ಪ ಕಡ್ಡಿಗಳನ್ನು ಆರಿಸಿ, ಕೆಳಗಿನ ಎಲೆ ಬಿಡಿಸಿ ನೀರಿನ ಲೋಟದಲ್ಲಿಡಿ. ಒಂದು ವಾರ, ಹತ್ತು ದಿನದಲ್ಲಿ ಬೇರು ಬರುತ್ತದೆ.

ಕೊತ್ತಂಬರಿಗೆ ಇದೇ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಬಿತ್ತಿದರೆ ಸೊಪ್ಪಾಗುವ ಮೊದಲೇ ಹೂ ಬಿಡುತ್ತದೆ. ನೀವು ಇಡೀ ಕಾಳು ಬಿತ್ತಿರಬೇಕು. ಒಂದು ಕಾಳಿನೊಳಗೆ ಎರಡು ಬೀಜಗಳಿರುತ್ತವೆ. ಕಾಳನ್ನು ಬಟ್ಟೆಯ ಮೇಲೆ ಹರಡಿ ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿ; ಚಟ್ ಎಂದು ಹೋಳಾಗುತ್ತದೆ, ಪುಡಿಯಾಗಬಾರದು. ರಾತ್ರಿ ನೆನೆಸಿ ಬೆಳಿಗ್ಗೆ ಬಿತ್ತಿ, ಅರ್ಧ ಅಂಗುಲ ಮಣ್ಣು ಮುಚ್ಚಿ, ಮಳೆಯ ಹೊಡೆತ ತಾಗದ ಸೂರಿನ ಅಡಿ ಇಡಿ. ಮೊಳಕೆಗೆ ಹತ್ತು ದಿನವಾದರೂ ಬೇಕು. ನಡುವೆ ಕೆದಕಿ ನೋಡಬೇಡಿ.

ತುಳಸಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾರ್ತಿಕ ಶುದ್ಧ ದ್ವಾದಶಿಯ ತುಳಸಿ ಹಬ್ಬಕ್ಕೆ ಗಿಡ ತುಂಬಿ ನಿಲ್ಲಬೇಕೆಂದರೆ ಮೂರು ನಾಲ್ಕು ವಾರ ಮೊದಲೇ ತೆನೆಗಳನ್ನು ಚಿವುಟಿ, ತುದಿಗಳನ್ನು ಎರಡೆಲೆಯಷ್ಟು ಕತ್ತರಿಸಿ. ಚಿವುಟಿದ ಕಡೆ ಎರಡೆರಡು ಕವಲು ಒಡೆಯುತ್ತವೆ. ಹಬ್ಬ ಹತ್ತಿರ ಬಂದ ಮೇಲೆ ಹಿರಿಯರು ಕೈಹಾಕಲು ಬಿಡುವುದಿಲ್ಲ.

ಕರಿಬೇವು ಚಳಿಗೆ ಸೊರಗಿ ಎಲೆ ಹಳದಿಯಾದರೆ ಗಾಬರಿ ಬೇಡ, ಹಾಗೆಯೇ ಬಿಡಿ. ಶಿವರಾತ್ರಿ ಕಳೆದು ಬಿಸಿಲು ಏರಿ ಹೊಸ ಚಿಗುರು ಕಂಡಾಗ ಅದಕ್ಕೆ ಎರಡು ಹಿಡಿ ಗೊಬ್ಬರ ಕೊಡಿ.