ಸಂಪಾದಕರ ಉತ್ತರ: ಆಸ್ಪತ್ರೆ ಊರಿನದೇ ಇರಲಿ, ಲೆಕ್ಕ ಹೊರಗೆ ಬರಲಿ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ಹಾಂಗ್‌ಕಾಂಗಿನ ಚೀನೀ ವ್ಯಾಪಾರಿಗಳು ನಡೆಸುತ್ತಿದ್ದ ತುಂಗ್ ವಾ ಆಸ್ಪತ್ರೆಯನ್ನು ಬಾಯ್ತುಂಬ ಹೊಗಳಿದ್ದೀರಿ. ಅಕ್ಕಿ, ಅಫೀಮು ಮಾರುವವರಿಗೆ ಆಸ್ಪತ್ರೆ ನಡೆಸುವ ಯೋಗ್ಯತೆ ಎಲ್ಲಿಂದ ಬಂತು? 1896ರಲ್ಲಿ ಸರ್ಕಾರ ಕೈಹಾಕಿದ ಮೇಲೆ ತಾನೇ ಸರಿಹೋಗಿದ್ದು? ಧರ್ಮಾಸ್ಪತ್ರೆಗಳನ್ನೆಲ್ಲ ಸರ್ಕಾರವೇ ವಹಿಸಿಕೊಳ್ಳಬೇಕು."

ಒಳ್ಳೆಯ ಪತ್ರ ಸ್ವಾಮಿ, ಓದಿಕೊಂಡು ಬರೆದಿದ್ದೀರಿ. ಒಂದು ಮಾತು ಒಪ್ಪುತ್ತೇನೆ. 1894ರ ಪ್ಲೇಗಿನ ಹೊತ್ತಿಗೆ ಅಲ್ಲಿ ಚೀನೀ ಔಷಧ ಬಿಟ್ಟು ಬೇರೆ ಚಿಕಿತ್ಸೆ ಇರಲಿಲ್ಲ. ಯಾರು ಯಾವ ರೋಗದಿಂದ ಸತ್ತರು ಅನ್ನುವ ದಾಖಲೆಯೂ ನಂಬುವ ಹಾಗಿರಲಿಲ್ಲ. ಅಲ್ಲಿನ ಬ್ರಿಟಿಷ್ ಸರ್ಕಾರ ವಿಚಾರಣೆ ನಡೆಸಿದ್ದು ಸರಿ.

ಆದರೆ ಮೊದಲಿನಿಂದ ನೋಡಿ. ಹಾಂಗ್‌ಕಾಂಗಿನ ತೈಪಿಂಗ್‌ಶಾನ್ ಬೀದಿಯಲ್ಲಿ ಒಂದು ಗುಡಿ ಇತ್ತು. ಊರು ಬಿಟ್ಟು ಬಂದು ಸತ್ತವರ ಹೆಸರಿನ ಹಲಗೆ ಇಡೋಕೆ ಕಟ್ಟಿದ್ದು. ದಿಕ್ಕಿಲ್ಲದ ರೋಗಿಗಳನ್ನೂ ಅಲ್ಲೇ ತಂದು ಮಲಗಿಸುತ್ತಿದ್ದರು, ಹೆಣಗಳ ಪಕ್ಕದಲ್ಲಿ. 1869ರಲ್ಲಿ ಇದು ಬಯಲಾಗಿ ದೊಡ್ಡ ಗಲಾಟೆಯಾಯಿತು. ಸರ್ಕಾರಿ ಆಸ್ಪತ್ರೆ ಇರಲಿಲ್ಲವೇ? ಇತ್ತು. ಹೆಣ ಕೊಯ್ಯುತ್ತಾರೆ ಅನ್ನುವ ಭಯಕ್ಕೆ ಚೀನೀ ಬಡವರು ಅತ್ತ ಸುಳಿಯುತ್ತಿರಲಿಲ್ಲ, ಅಷ್ಟೇ.

ಆ ಗಲಾಟೆಯ ಮೇಲೆ 1870ರಲ್ಲಿ ತುಂಗ್ ವಾ ಆಸ್ಪತ್ರೆಗೆಂದು ಕಾಯಿದೆ ಬಂತು. ಜೂಜಿನ ಲೈಸೆನ್ಸ್ ಹಣದಿಂದ ಸರ್ಕಾರ 1,15,000 ಡಾಲರ್ ಕೊಟ್ಟಿತು, ವ್ಯಾಪಾರಿಗಳು ಚಂದಾ ಎತ್ತಿದರು, 1872ರಲ್ಲಿ ಬಾಗಿಲು ತೆರೆಯಿತು. ನನಗೆ ತುಂಬಾ ಇಷ್ಟವಾದದ್ದು ಆಡಳಿತದ ರೀತಿ. ಬೇರೆ ಬೇರೆ ವ್ಯಾಪಾರಿ ಸಂಘಗಳಿಂದ ನಿರ್ದೇಶಕರು ಬರಬೇಕು, ಅದೂ ವರ್ಷ ವರ್ಷ ಹೊಸಬರು. ಕೊಟ್ಟವರ ಹೆಸರು, ಖರ್ಚು ಎಲ್ಲ ಸೇರಿಸಿ ಪ್ರತಿ ವರ್ಷ ಪುಸ್ತಕ ಅಚ್ಚು ಹಾಕುತ್ತಿದ್ದರು. ಕುರ್ಚಿ ಯಾರಪ್ಪನ ಆಸ್ತಿಯೂ ಆಗಲಿಲ್ಲ.

ಪ್ಲೇಗ್ ಬಂದಾಗ ಅಧಿಕಾರಿಗಳು ಮನೆಮನೆಗೆ ನುಗ್ಗಿ ರೋಗಿಗಳನ್ನು ಹಡಗಿನ ಆಸ್ಪತ್ರೆಗೆ ಒಯ್ದರಲ್ಲ, ಆಗ ಜನ ಅಹವಾಲು ಹೊತ್ತು ಹೋದದ್ದು ತುಂಗ್ ವಾ ಬಾಗಿಲಿಗೆ. ಅದೇ ಪ್ಲೇಗ್ 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಬಂತು. ಇಲ್ಲೂ ರೋಗಿಗಳನ್ನು ಬೇರೆ ಇಡುವ ಪ್ಲೇಗ್ ಕ್ಯಾಂಪಿಗೆ ಹೆದರಿ ಜನ ರೋಗಿಗಳನ್ನು ಬಚ್ಚಿಟ್ಟರು. ಹೆದರಿದವರು ಎಲ್ಲಿಗೆ ಹೋಗುತ್ತಾರೆ ಅನ್ನುವುದು ಸಣ್ಣ ವಿಷಯ ಅಲ್ಲ.

ಇನ್ನು ನಿಮ್ಮ 1896. ಆಸ್ಪತ್ರೆಯನ್ನು ಯಾರೂ ಕಿತ್ತುಕೊಳ್ಳಲಿಲ್ಲ ಸ್ವಾಮಿ! ಪಾಶ್ಚಾತ್ಯ ವೈದ್ಯ ಕಲಿತ ಚೀನೀ ಡಾಕ್ಟರೊಬ್ಬರನ್ನು ಒಳಗೆ ಕೂರಿಸಿದರು, ಯಾವ ಚಿಕಿತ್ಸೆ ಬೇಕು ಅನ್ನುವುದನ್ನು ರೋಗಿಗೇ ಬಿಟ್ಟರು. ಮಂಡಳಿ ಉಳಿಯಿತು. 1911ರಲ್ಲಿ ಕೌಲೂನಿನಲ್ಲಿ ಕ್ವಾಂಗ್ ವಾ, 1929ರಲ್ಲಿ ಇನ್ನೊಂದು ಆಸ್ಪತ್ರೆ ಎದ್ದಿತು. 1931ರಲ್ಲಿ ಮೂರೂ ಒಂದೇ ಮಂಡಳಿಯ ಕೆಳಗೆ ಬಂದವು. 1991ರ ಹೊತ್ತಿಗೆ ಹಾಂಗ್‌ಕಾಂಗಿನ ಸಾರ್ವಜನಿಕ ಆಸ್ಪತ್ರೆ ವ್ಯವಸ್ಥೆಯೊಳಗೆ ಸೇರಿದರೂ ತುಂಗ್ ವಾ ಮಂಡಳಿ ಇವತ್ತಿಗೂ ಇದೆ.

ನಮ್ಮೂರಿನ ಧರ್ಮಾಸ್ಪತ್ರೆಗೆ ನಮ್ಮಪ್ಪನೂ ದುಡ್ಡು ಕೊಟ್ಟಿದ್ದರು. ನಾನೊಮ್ಮೆ ಹೋಗಿ ಲೆಕ್ಕ ಕೇಳಿದೆ. "ನೀವೇನು ಟ್ರಸ್ಟಿಯಾ?" ಅಂದರು. ಟ್ರಸ್ಟಿಗಳೋ ಬದುಕಿರುವ ತನಕ ಟ್ರಸ್ಟಿಗಳು, ಅಪ್ಪ ಹೋದರೆ ಮಗ. ಕೋರ್ಟಿಗೆ ಹೋಗೋಣ ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಪ್ರಕಾರ ಕನಿಷ್ಠ ಇಬ್ಬರು ಸೇರಬೇಕು, ಮೊದಲು ಕೋರ್ಟಿನ ಅನುಮತಿ ಬೇಕು. ಚಂದಾ ಕೊಟ್ಟ ಕೂಲಿಯವನು ಇದೆಲ್ಲ ಮಾಡುತ್ತಾನಾ? ಬದಲಾಗಬೇಕಾದದ್ದು ಈ ಕಾನೂನು. ಅಧಿಕಾರಕ್ಕೆ ಅವಧಿ ಇರಲಿ, ಕೊಟ್ಟವರಿಗೆಲ್ಲ ಲೆಕ್ಕ ನೋಡುವ ಹಕ್ಕಿರಲಿ. ಅದು ಬಿಟ್ಟು ಬೀಗದ ಕೈ ತಗೊಂಡು ಸರ್ಕಾರಕ್ಕೆ ಕೊಟ್ಟರೆ, ಲೆಕ್ಕ ಕೇಳೋಕೆ ನೀವು ಇನ್ನೂ ದೂರ ಹೋಗಬೇಕು, ಅಲ್ವಾ?

ನಿಮ್ಮೂರಿನ ಧರ್ಮಾಸ್ಪತ್ರೆಗೆ ಒಮ್ಮೆ ಹೋಗಿ ಹೋದ ವರ್ಷದ ಲೆಕ್ಕ ಕೇಳಿ. ಏನಂದರು ಅಂತ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.