'ಸುಮ್ನೆ ಸುಮ್ನೆ ಹೊಡೆದ' ಅನ್ನುವವರಿಗೆ

ಬೀಗ ಹಾಕಿದ ಮನೋರೋಗ ವಾರ್ಡಿನಲ್ಲಿ ಕೆಲಸ ಮಾಡುವವರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಈ ಸಲ ಅದಕ್ಕೇ ಜಾಸ್ತಿ ಜಾಗ. ಉಳಿದವಕ್ಕೆ ಒಂದೆರಡು ಸಾಲು ಸಾಕು.

ಪ್ರಶ್ನೆ: ನಾನು ಸೆಕ್ಯೂರ್ ವಾರ್ಡಿನ ನರ್ಸ್. ಹೋದ ವಾರ ಒಬ್ಬ ರೋಗಿ ಯಾವ ಕಾರಣವೂ ಇಲ್ಲದೆ ನನ್ನ ಜೊತೆಯವರ ಮುಖಕ್ಕೆ ಹೊಡೆದ. ಇಂಥವರನ್ನು ಮೊದಲೇ ಗುರುತಿಸುವುದು ಹೇಗೆ ಸರ್?

ಉತ್ತರ: ಹೊಡೆಸಿಕೊಂಡವರಿಗೆ ಆದದ್ದು ಸಣ್ಣದಲ್ಲ, 'ಈ ಕೆಲಸದಲ್ಲಿ ಇದೆಲ್ಲ ಇದ್ದದ್ದೇ' ಅನ್ನುವ ಮೇಲಿನವರ ಮಾತು ಕೇಳಬೇಡಿ. ಆದರೆ 'ಯಾವ ಕಾರಣವೂ ಇಲ್ಲದೆ' ಅಂತ ರಿಪೋರ್ಟಿನಲ್ಲಿ ಬರೆದರೆ ನಾನು ಒಪ್ಪುವುದಿಲ್ಲ. ಅದಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಏನಾಯಿತು? ಮನೆಗೆ ಫೋನ್ ಮಾಡಬೇಕು ಅಂದ, 'ಆಮೇಲೆ' ಅಂದಿರಿ, ಆ ಆಮೇಲೆ ಬರಲೇ ಇಲ್ಲ. ಡಾಕ್ಟರ್ ಯಾವಾಗ ಬರ್ತಾರೆ ಅಂತ ಬಂದು ಬಂದು ಕೇಳಿದ, ಗಾಜಿನ ಆಚೆ ಕೂತವರು ತಲೆ ಎತ್ತಲಿಲ್ಲ. ಹಲ್ಲೆಗಳ ಹಿಂದುಮುಂದನ್ನು ಕೆದಕಿದ ಅಧ್ಯಯನಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದೇ: ಸಿಬ್ಬಂದಿ ಜೊತೆ ನಡೆದ ಏನೋ ಒಂದು, ಅದರಲ್ಲೂ ಕೇಳಿದ್ದನ್ನು ಇಲ್ಲ ಅಂದದ್ದು, ಮಾಡುತ್ತಿದ್ದುದನ್ನು ತಡೆದದ್ದು. ತಪ್ಪೆಲ್ಲ ನಿಮ್ಮದು ಅಂತಲ್ಲ. ಊಟದಲ್ಲಿ ವಿಷ ಹಾಕುತ್ತಿದ್ದೀರಿ ಎಂದು ನಂಬಿ ಹೊಡೆಯುವವರೂ ಇದ್ದಾರೆ, ಕಿವಿಯಲ್ಲಿ ಕೇಳುವ ದನಿ ಹೇಳಿತು ಅಂತ ಹೊಡೆಯುವವರೂ ಇದ್ದಾರೆ. ಅದೂ ಕಾರಣವೇ ಅಲ್ವಾ?

ಗುರುತಿಸಲು ನಾರ್ವೆಯಲ್ಲಿ ಹುಟ್ಟಿದ ಬ್ರೋಸೆಟ್ ಪಟ್ಟಿ ಇದೆ. ಆರೇ ಅಂಶ: ಗೊಂದಲ, ಸಿಡುಕು, ಗದ್ದಲ, ಬಾಯಲ್ಲಿ ಬೆದರಿಕೆ, ಹೊಡೆಯುವ ಹಾಗೆ ಮುನ್ನುಗ್ಗುವುದು, ವಸ್ತುಗಳ ಮೇಲೆ ಸಿಟ್ಟು ತೀರಿಸುವುದು. ಇದ್ದರೆ 1, ಇಲ್ಲದಿದ್ದರೆ 0. ಅದು ಹೇಳುವುದು ಮುಂದಿನ 24 ಗಂಟೆಯ ಮಾತು ಮಾತ್ರ. ಯಾವಾಗಲೂ ಗಟ್ಟಿಯಾಗಿ ಮಾತಾಡುವವನು ಇವತ್ತೂ ಗಟ್ಟಿಯಾಗಿ ಮಾತಾಡಿದರೆ ಅಂಕ ಇಲ್ಲ, ಎಂದಿಗಿಂತ ಜಾಸ್ತಿಯಾದರೆ ಮಾತ್ರ. ಅಂಕ ಏರಿದಾಗ ಹೋಗಿ ಮಾತಾಡಿಸಬೇಕು. ಬರೆದು ಫೈಲಿಗೆ ಸೇರಿಸಿ ಶಿಫ್ಟ್ ಮುಗಿಸಿದರೆ ಕಾಗದ ದಂಡ.

ಮೈಯನ್ನೂ ನೋಡಿ. ಕೂತಲ್ಲಿ ಕೂರಲಾಗದೆ ಓಡಾಡುತ್ತಿದ್ದಾನೆ ಎಂದರೆ ಕಾಯಿಲೆ ಕೆರಳಿದೆ ಅಂತ ಡೋಸ್ ಏರಿಸುವವರಿದ್ದಾರೆ. ಆ ಚಡಪಡಿಕೆ ಆಂಟಿಸೈಕೋಟಿಕ್ (ಭ್ರಮೆ, ಇಲ್ಲದ ದನಿ ಕೇಳುವುದನ್ನು ತಗ್ಗಿಸುವ) ಔಷಧಿಯಿಂದಲೇ ಬಂದ ಅಕಥೀಸಿಯಾ ಇರಬಹುದು, ಏರಿಸಿದರೆ ಇನ್ನೂ ಕೆಡುತ್ತದೆ. ಹಲ್ಲುನೋವು, ಕಟ್ಟಿದ ಮೂತ್ರ, ಸಿಗರೇಟು ನಿಲ್ಲಿಸಿದ ಮೊದಲ ದಿನಗಳು, ಇವನ್ನು ಯಾರೂ ಕೇಳುವುದೇ ಇಲ್ಲ.

ಕಡಿಮೆ ಮಾಡುವುದು ಹೇಗೆ ಅಂದರೆ, ಇಂಗ್ಲೆಂಡಿನ ಸಂಶೋಧಕ ಲೆನ್ ಬೋವರ್ಸ್ ತಂಡದ ಸೇಫ್‌ವಾರ್ಡ್ಸ್ ಪದ್ಧತಿ ನೋಡಿ, ವಾರ್ಡಿನಲ್ಲಿ ಜಗಳ ಹುಟ್ಟುವ ಸಂದರ್ಭಗಳನ್ನು ಮೊದಲೇ ತಗ್ಗಿಸುವ ಸಣ್ಣ ಸಣ್ಣ ಕೆಲಸಗಳು ಅದರಲ್ಲಿವೆ. 31 ವಾರ್ಡುಗಳಲ್ಲಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು: ಜಗಳ ಗಲಾಟೆಗಳು 15%, ಹಿಡಿದು ಕಟ್ಟುವ, ಕೂಡಿಹಾಕುವ ಕ್ರಮಗಳು 26% ಕಡಿಮೆ. ಅವು ಸೆಕ್ಯೂರ್ ಅಲ್ಲ, ಕಾಯಿಲೆ ಕೆರಳಿದಾಗ ಸೇರಿಸುವ ಅಕ್ಯೂಟ್ ವಾರ್ಡುಗಳು, ಹಾಗಾಗಿ ಅದೇ ಅಂಕಿ ನಿಮ್ಮಲ್ಲೂ ಬರುತ್ತದೆ ಅಂತ ನಾನು ಬರೆದುಕೊಡಲ್ಲ. ಆದರೆ ಅದರಲ್ಲಿರುವ ಒಂದು ಕೆಲಸಕ್ಕೆ ಕಾಸೂ ಬೇಡ, ಸಮಿತಿಯೂ ಬೇಡ. ಕೆಟ್ಟ ಸುದ್ದಿಯನ್ನು ಸರಿಯಾಗಿ ಮುಟ್ಟಿಸುವುದು. ಹೊರಗೆ ಹೋಗುವ ಅನುಮತಿ ರದ್ದಾಗಿದೆ ಅಂತ ಕಾರಿಡಾರಿನಲ್ಲಿ ನಡೆಯುತ್ತಾ ಹೇಳಬೇಡಿ. ಪಕ್ಕಕ್ಕೆ ಕರೆದು, ಕೂರಿಸಿ, ಏಕೆ ಅಂತ ಹೇಳಿ, ಮತ್ತೆ ಯಾವಾಗ ಕೇಳಬಹುದು ಅಂತಲೂ ಹೇಳಿ, ಸಂಜೆ ಇನ್ನೊಮ್ಮೆ ಮಾತಾಡಿಸಿ. ಶಿಫ್ಟ್ ಬದಲಾಗುವ ಹೊತ್ತಿಗೆ ಮಾತ್ರ ಹೇಳಬೇಡಿ, ಪೆಟ್ಟು ಬೀಳುವುದು ಮುಂದಿನವರಿಗೆ.

ಪ್ರಶ್ನೆ: ಹುಣ್ಣಿಮೆಯ ದಿನ ಗಲಾಟೆ ಜಾಸ್ತಿಯಂತೆ, ನಿಜವೇ?

ಉತ್ತರ: ಇಲ್ಲ. ಚಂದ್ರನನ್ನು ಬಿಟ್ಟು ಅವತ್ತಿನ ಡ್ಯೂಟಿ ಪಟ್ಟಿ ನೋಡಿ.

ಪ್ರಶ್ನೆ: ನೋವಿನ ಬಿಂದು ಒತ್ತಿ ರೋಗಿಯನ್ನು ನೆಲಕ್ಕೆ ಕೆಡವುವ ಎರಡು ದಿನದ ತರಬೇತಿಗೆ ಆಸ್ಪತ್ರೆ ನಮ್ಮನ್ನು ಕಳಿಸುತ್ತಿದೆ. ಹೋಗಲೇ?

ಉತ್ತರ: ಕಲಿಸುವವನು ಮನೋರೋಗ ವಾರ್ಡಿನಲ್ಲಿ ಒಂದು ರಾತ್ರಿಯಾದರೂ ಕೆಲಸ ಮಾಡಿದ್ದಾನಾ ಅಂತ ಮೊದಲು ಕೇಳಿ. ಬೋರಲು ಮಲಗಿಸಿ ಬೆನ್ನ ಮೇಲೆ ಭಾರ ಹಾಕುವುದನ್ನು ಕಲಿಸಿದರೆ ಎದ್ದು ಬನ್ನಿ. 1998ರಲ್ಲಿ ಇಂಗ್ಲೆಂಡಿನ ನಾರಿಚ್‌ನ ಒಂದು ಸೆಕ್ಯೂರ್ ಘಟಕದಲ್ಲಿ ಡೇವಿಡ್ ಬೆನೆಟ್ ಎಂಬ ರೋಗಿ ಸತ್ತದ್ದು ಬೋರಲು ಹಾಕಿ ಹಿಡಿದಿದ್ದಾಗಲೇ. ಹಾಗೆ ಹಿಡಿಯುವುದು ಮೂರು ನಿಮಿಷ ದಾಟಬಾರದು ಎಂದು ತನಿಖಾ ವರದಿ ಹೇಳಿತು. ನನ್ನನ್ನು ಕೇಳಿದರೆ ಮೂರೂ ಜಾಸ್ತಿ.

ಪ್ರಶ್ನೆ: ಮಗನನ್ನು ಒಂಟಿ ಕೋಣೆಯಲ್ಲಿ ಹಾಕಿದ್ದಾರೆ. ಬುದ್ಧಿ ಬರುತ್ತದಾ ಡಾಕ್ಟ್ರೇ?

ಉತ್ತರ: ಬರುವುದಿಲ್ಲಮ್ಮ, ಅದು ಚಿಕಿತ್ಸೆ ಅಲ್ಲ. ಯಾರು, ಯಾಕೆ, ಎಷ್ಟು ಹೊತ್ತು ಅಂತ ಬರೆದಿಟ್ಟಿದ್ದಾರಾ, ನಡುವೆ ಯಾರು ಹೋಗಿ ನೋಡಿದರು ಅಂತ ವಾರ್ಡಿನವರನ್ನು ಕೇಳಿ. ಕೇಳುವ ಹಕ್ಕಿದೆ.

ಪ್ರಶ್ನೆ: ಸೆಕ್ಯೂರ್ ವಾರ್ಡಿನಲ್ಲಿರುವವರೆಲ್ಲ ಅಪಾಯಕಾರಿಗಳೇ?

ಉತ್ತರ: ಅಲ್ಲ. ಬಹುಪಾಲು ಘಟನೆಗಳು ಬೆರಳೆಣಿಕೆಯ ರೋಗಿಗಳವು. ಬೇರೆ ಔಷಧಿಗೆ ಬಗ್ಗದ ಸ್ಕಿಜೋಫ್ರೇನಿಯಾ ಅಂಥವರಿಗಿದ್ದರೆ ಕ್ಲೋಜಪಿನ್ ಬಗ್ಗೆ ಡಾಕ್ಟರನ್ನು ಕೇಳಿ, ಅದು ಸಿಟ್ಟನ್ನೂ ತಗ್ಗಿಸುತ್ತದೆ. ಪದೇ ಪದೇ ರಕ್ತ ಪರೀಕ್ಷೆಯ ರಗಳೆ ಅಂತ ಅದನ್ನು ವರ್ಷಗಟ್ಟಲೆ ಮುಂದೂಡುವ ಡಾಕ್ಟರುಗಳಿದ್ದಾರೆ, ಅವರನ್ನು ಸುಮ್ನೆ ಬಿಡಬೇಡಿ.