ಪ್ರಶ್ನೆ ಕೇಳಿದ ಮೇಲೆ ಮೂರು ಸೆಕೆಂಡು

ಪ್ರಶ್ನೆ: ನಾನು ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಯ ಶಿಕ್ಷಕಿ. ಪರಿಸರ ಅಧ್ಯಯನದ ಪಾಠದಲ್ಲಿ ಏನೇ ಕೇಳಿದರೂ ಮುಂದಿನ ಸಾಲಿನ ನಾಲ್ಕೈದು ಮಕ್ಕಳೇ "ಮಿಸ್, ಮಿಸ್" ಎಂದು ಕೂಗುತ್ತಾರೆ. ಹಿಂದಿನವರದ್ದು ಬರೀ ಗಲಾಟೆ. ಗದರಿದರೆ ಮಾತ್ರ ಸುಮ್ಮನಾಗುತ್ತಾರೆ. ಇನ್ನೂ ಬಿಗಿ ಮಾಡಬೇಕೇ?

ಉತ್ತರ: ಬೇಡ ಮೇಡಂ. ಗದರಿದರೆ ಗಲಾಟೆ ನಿಲ್ಲಬಹುದು, ಅದರ ಜೊತೆಗೆ ಮಕ್ಕಳ ಪ್ರಶ್ನೆಗಳೂ ನಿಂತುಬಿಡುತ್ತವೆ. ನೀವು ಪ್ರಶ್ನೆ ಕೇಳುವ ರೀತಿಯನ್ನು ಸ್ವಲ್ಪ ಬದಲಿಸಿ ನೋಡಿ.

ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ತಜ್ಞೆ ಪ್ರಾಥಮಿಕ ಶಾಲೆಗಳ ವಿಜ್ಞಾನ ಪಾಠಗಳನ್ನು ಟೇಪ್ ಮಾಡಿಕೊಂಡು ಕೇಳಿದರು. 1974ರಲ್ಲಿ ಅದರ ಬಗ್ಗೆ ಬರೆದರು. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದೇ ಸೆಕೆಂಡು ಕಾಯುತ್ತಿದ್ದರು! ಅದರಲ್ಲೂ ದಡ್ಡರು ಎಂದುಕೊಂಡ ಮಕ್ಕಳಿಗೆ ಇನ್ನೂ ಕಡಿಮೆ ಹೊತ್ತು. ಯೋಚಿಸುವಷ್ಟರಲ್ಲಿ ಸರದಿಯೇ ಮುಗಿದುಹೋಗುತ್ತೆ ಅಂದರೆ, ಹಿಂದಿನ ಸಾಲಿನ ಹುಡುಗ ಪಕ್ಕದವನನ್ನು ಗಿಲ್ಲದೆ ಏನು ಮಾಡುತ್ತಾನೆ? ಶಿಕ್ಷಕರು ಮೂರು ಸೆಕೆಂಡು ಕಾಯಲು ಕಲಿತಾಗ ಹೆಚ್ಚು ಮಕ್ಕಳು ಬಾಯಿ ಬಿಟ್ಟರು, ಉತ್ತರಗಳು ಉದ್ದವಾದವು. ಶಿಸ್ತಿಗಾಗಿ ಗದರುವ ಸಂದರ್ಭಗಳೂ ಕಡಿಮೆಯಾದವು.

ಒಂದು ಪಾಠ ಹೀಗೆ ಮಾಡಿ. ಗಾಜಿನ ಲೋಟದ ನೀರಿಗೆ ಹಸಿ ಮೊಟ್ಟೆ ಬಿಡಿ, ಮುಳುಗುತ್ತದೆ. ಚಮಚ ಚಮಚವಾಗಿ ಉಪ್ಪು ಹಾಕಿ ಕದಡಿ. ಮೊಟ್ಟೆ ಮೆಲ್ಲಗೆ ಮೇಲೇಳುತ್ತದೆ. "ಯಾಕೆ ಮೇಲೆ ಬಂತು?" ಎಂದು ಕೇಳಿ, ಮನಸ್ಸಲ್ಲೇ ಮೂರು ಎಣಿಸಿ. ಒಬ್ಬಳು "ಉಪ್ಪಿಗೆ" ಎನ್ನುತ್ತಾಳೆ. ತಕ್ಷಣ "ವೆರಿ ಗುಡ್" ಎನ್ನಬೇಡಿ. ಇದು ಕಷ್ಟ, ಗೊತ್ತು. ಆದರೆ ಶಭಾಷ್ ಸಿಕ್ಕ ಕೂಡಲೇ ಉಳಿದವರು ಯೋಚನೆ ನಿಲ್ಲಿಸುತ್ತಾರೆ, ಆಮೇಲೆ ಲೋಟ ಬಿಟ್ಟು ನಿಮ್ಮ ಮುಖ ನೋಡಿ ಉತ್ತರ ಹೇಳುತ್ತಾರೆ. ಇನ್ನೂ ಮೂರು ಸೆಕೆಂಡು ಕಾಯಿರಿ. "ಸಕ್ಕರೆ ಹಾಕಿದ್ರೂ ತೇಲುತ್ತಾ ಮಿಸ್?" ಎಂದು ಯಾರೋ ಕೇಳಬಹುದು. ಹಾಕಿ ನೋಡಲು ಅವರಿಗೇ ಬಿಡಿ. ಸಾಕಷ್ಟು ಹಾಕಿದರೆ ತೇಲುತ್ತದೆ.

ಲೋಟ ನಿಮ್ಮ ಮೇಜಿನ ಮೇಲೆ ಒಂದೇ ಇದ್ದರೆ ಹಿಂದಿನವರಿಗೆ ಕಾಣಿಸಲ್ಲ, ಗಲಾಟೆ ಅಲ್ಲಿಂದಲೇ ಶುರು. ಗುಂಪಿಗೊಂದು ಲೋಟ ಕೊಡಿ. ಆಗಲೂ ಸದ್ದು ಇರುತ್ತದೆ, ಆದರೆ ಅದು ಮೊಟ್ಟೆಯ ಬಗ್ಗೆ ನಡೆಯುವ ಮಾತು. ಅದನ್ನು ನಿಲ್ಲಿಸಬೇಡಿ.

ಮೊದಲ ವಾರ ಆ ಮೂರು ಸೆಕೆಂಡು ತುಂಬಾ ಜಾಸ್ತಿ ಅನಿಸುತ್ತದೆ. ಒಂದು ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮನೆಯಲ್ಲಿ ಕೇಳಿ. ಎಷ್ಟು ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಿದ್ದೀರಿ ಎಂದು ಎಣಿಸಿ. ತಿಂಗಳು ಬಿಟ್ಟು ಮತ್ತೊಮ್ಮೆ ಎಣಿಸಿ.